ಹನ್ನೆರಡು ಸ್ಟ್ಯಾಂಪು, ಮೂವರು ವಾರಸುದಾರರು, ಒಂದು ಕತ್ತರಿ

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿಯ ದಲಾಲಿ ಅಂಗಡಿ ನಡೆಸುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ವರ್ಷದ ಕಾರ್ಯ ಮುಗಿದ ಮೇಲೆ ಮಕ್ಕಳು ಅಂಗಡಿಯ ಅಟ್ಟ ಖಾಲಿ ಮಾಡಿದರು. ಇಬ್ಬರು ಗಂಡುಮಕ್ಕಳು, ನಡುವೆ ಒಬ್ಬ ಮಗಳು. ಕಿರ್ದಿ ಪುಸ್ತಕಗಳ ಅಡಿಯಲ್ಲಿ ಒಂದು ರಟ್ಟಿನ ಫೈಲು ಸಿಕ್ಕಿತು. ಅದರಲ್ಲಿ ನಿಜಾಮರ ಕಾಲದ ಒಂದಷ್ಟು ಅಂಚೆಚೀಟಿ, ಕೆಲವು ಹಳೆ ಕವರು, ಮತ್ತು ಎಣ್ಣೆಕಾಗದದಲ್ಲಿ ಮಡಚಿಟ್ಟ 1 ರೂಪಾಯಿ ಸ್ಟ್ಯಾಂಪುಗಳ ಒಂದು ತುಂಡು ಇದ್ದವು. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು. ಒಟ್ಟು ಹನ್ನೆರಡು. ಮೇಲಿನ ಆರಕ್ಕೆ ತೂತಿನ ಸಾಲು ಇತ್ತು. ಕೆಳಗಿನ ಆರಕ್ಕೆ ಇರಲೇ ಇಲ್ಲ.

ಮನೆ, ಹೊಲ, ಅಂಗಡಿ ಎಲ್ಲದರ ಪಾಲು ಜಗಳ ಇಲ್ಲದೆ ಆಗಿತ್ತಂತೆ. ಅಂಗೈ ಅಗಲದ ಈ ಕಾಗದಕ್ಕೆ ಮಾತು ಬೆಳೆಯಿತು. ಊರಲ್ಲಿ ಸ್ಟ್ಯಾಂಪಿನ ಹುಚ್ಚು ಇರುವ ನಾಲ್ಕು ಜನರಲ್ಲಿ ನಾನೂ ಒಬ್ಬ, ಅದಕ್ಕೇ ನನ್ನ ಹತ್ತಿರ ತಂದರು. ನಾನು ವ್ಯಾಪಾರಿ ಅಲ್ಲ. ಇದರಲ್ಲಿ ನನಗೆ ಕಮಿಷನ್ನೂ ಇರಲಿಲ್ಲ. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಮುದ್ರಣದೋಷದ ಸ್ಟ್ಯಾಂಪಿಗೆ ಬೆಲೆ ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿಹೋಗುತ್ತದೆ ಅನ್ನೋದು ಇದೊಂದರಲ್ಲೇ ಚೆನ್ನಾಗಿ ಕಾಣುತ್ತದೆ.

ನನ್ನ ಮೇಜಿಗೆ ಬರುವಾಗ ತುಂಡು ಹನ್ನೆರಡರದ್ದಾಗಿ ಉಳಿದಿರಲಿಲ್ಲ. ಬಲಗಡೆ ಕೆಳಮೂಲೆಯ ಸ್ಟ್ಯಾಂಪು ಬೇರೆಯಾಗಿ ಒಂದು ಪ್ಲಾಸ್ಟಿಕ್ ಚೀಲದಲ್ಲಿತ್ತು. ಕಿರಿಯ ಮಗನ ಹುಡುಗ, ಎಂಜಿನಿಯರಿಂಗ್ ಓದುವವನು, ಅದನ್ನ ಕತ್ತರಿಯಿಂದ ಕತ್ತರಿಸಿ ಬೇರೆ ಊರಿನ ಒಬ್ಬ ವ್ಯಾಪಾರಿಗೆ ಸ್ಯಾಂಪಲ್ ಅಂತ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದ. ಹತ್ತಿ ವ್ಯಾಪಾರದ ಮನೆ, ಸ್ಯಾಂಪಲ್ ಕಳಿಸೋದು ರಕ್ತದಲ್ಲೇ ಇದೆ. ಅದೇ ಚೀಲದಲ್ಲಿ ಸ್ಟ್ಯಾಂಪು ವಾಪಸ್ ಬಂತು. ಜೊತೆಗೆ ಒಂದು ಸಾಲಿನ ಚೀಟಿ: "ಅಂಚು ಕತ್ತರಿಸಿದ ಮಾಮೂಲಿ ಸ್ಟ್ಯಾಂಪು. ಬೆಲೆ ಇಲ್ಲ."

"ಮೋಸ ಮಾಡಾಕ ನೋಡ್ಯಾನ್ರಿ ಅಂವ" ಅಂದರು ಕಿರಿಯವರು. ಮೋಸ ಏನೂ ಇರಲಿಲ್ಲ. ಅವನ ಕೈಗೆ ಹೋಗಿದ್ದನ್ನ ನೋಡಿ ಬೇರೆ ಏನೂ ಹೇಳಲಿಕ್ಕೆ ಬರುವುದಿಲ್ಲ. ಒಂಟಿ ಸ್ಟ್ಯಾಂಪಿನ ನಾಲ್ಕೂ ಬದಿ ನುಣ್ಣಗಿದ್ದರೆ ಎರಡು ಸಾಧ್ಯತೆ. ಒಂದು, ಅದಕ್ಕೆ ತೂತು ಬಿದ್ದೇ ಇಲ್ಲ. ಎರಡು, ಯಾರೋ ತೂತಿನ ಅಂಚಿನ ಹಲ್ಲು ಸವರಿ ಹಾಕಿದ್ದಾರೆ. ಅಂಚು ತುಂಬ ಅಗಲ ಇದ್ದರೆ ಮೊದಲನೆಯದರ ಕಡೆ ವಾಲಬಹುದು. ಈ ಹುಡುಗ ಚಿತ್ರದ ಪಕ್ಕಕ್ಕೇ ಒತ್ತಿ ಕತ್ತರಿಸಿದ್ದ, ನೀಟಾಗಿ ಕಾಣಲಿ ಅಂತ. ಇದ್ದ ಒಂದು ಸಾಕ್ಷಿಯೂ ಹೋಯಿತು.

ಹಾಗಾದರೆ ತೂತಿಲ್ಲದ ಸ್ಟ್ಯಾಂಪನ್ನ ಯಾರು ಹೇಗೆ ನಂಬುತ್ತಾರೆ? ಜೋಡಿ ಇದ್ದರೆ ನಂಬುತ್ತಾರೆ. ಎರಡು ಸ್ಟ್ಯಾಂಪು ಅಂಟಿಕೊಂಡೇ ಇರಬೇಕು, ಎರಡರ ನಡುವಿನ ಬಿಳಿ ಪಟ್ಟಿಯಲ್ಲಿ ತೂತು ಇರಬಾರದು. ಆ ಪಟ್ಟಿಯನ್ನ ಯಾವ ಕತ್ತರಿಯಿಂದಲೂ ಹುಟ್ಟಿಸಲಿಕ್ಕೆ ಆಗುವುದಿಲ್ಲ. ಅದಕ್ಕೇ ಕ್ಯಾಟಲಾಗುಗಳಲ್ಲಿ ಇಂಥ ದೋಷಕ್ಕೆ ಬೆಲೆ ಕೊಡುವಾಗ 'ಇಂಪರ್ಫ್ ಜೋಡಿ', ಅಂದರೆ ತೂತಿಲ್ಲದ ಜೋಡಿ, ಅಂತಲೇ ಬರೆಯುತ್ತಾರೆ. ಅರ್ಧಕ್ಕೆ ಅರ್ಧ ಬೆಲೆ ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೋಡಿಯನ್ನ ಬಿಡಿಸಿದರೆ ಎರಡು ಅರ್ಧ ಸಿಗುವುದಿಲ್ಲ, ಹೆಚ್ಚುಕಡಿಮೆ ಎರಡು ಸೊನ್ನೆ ಸಿಗುತ್ತದೆ.

ಇನ್ನು ಆ ಸ್ಟ್ಯಾಂಪು ಯಾವುದು? 1980ರ ಆಸುಪಾಸಿನಲ್ಲಿ ಬಂದ ಕೃಷಿಯ ಸರಣಿ ನೆನಪಿರಬಹುದು. 10 ಪೈಸೆಗೆ ನೀರಾವರಿ, 25 ಪೈಸೆಗೆ ಮೊಟ್ಟೆಯೊಡೆದು ಬರುವ ಮರಿ, 35 ಪೈಸೆಗೆ ಕುಟುಂಬ, 50 ಪೈಸೆಗೆ ಹೈನುಗಾರಿಕೆ, 2 ರೂಪಾಯಿಗೆ ಕೈಮಗ್ಗ, 5 ರೂಪಾಯಿಗೆ ರಬ್ಬರ್ ತೆಗೆಯುವ ಚಿತ್ರ. 1 ರೂಪಾಯಿಗೆ ಹೈಬ್ರಿಡ್ ಹತ್ತಿ. ಎಲ್ಲ ನಾಸಿಕ್‌ನ ಇಂಡಿಯಾ ಸೆಕ್ಯುರಿಟಿ ಪ್ರೆಸ್‌ನಲ್ಲಿ ಫೋಟೋಗ್ರಾವ್ಯೂರ್ ವಿಧಾನದಲ್ಲಿ ಅಚ್ಚಾದವು. ಹತ್ತಿಯ ಚಿತ್ರ ಸುಮ್ನೆ ಬಂದದ್ದಲ್ಲ. 1970ರಲ್ಲಿ ಗುಜರಾತಿನಲ್ಲಿ ಎಚ್-4 ಅನ್ನೋ ಹೈಬ್ರಿಡ್ ಹತ್ತಿ ಬಂತು. 1972ರಲ್ಲಿ ನಮ್ಮ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ವರಲಕ್ಷ್ಮಿ ತಳಿ ಕೊಟ್ಟರು. ಹತ್ತಿಯವರ ಬಾಯಲ್ಲಿ ಆಗ ಅದೇ ಮಾತು. ಹತ್ತಿ ದಲಾಲರೊಬ್ಬರು ಹತ್ತಿಯ ಸ್ಟ್ಯಾಂಪನ್ನೇ ಎತ್ತಿಟ್ಟಿದ್ದು ಬೇಕಂತಲೋ, ಅಥವಾ ಹರಿಯಲಿಕ್ಕೆ ತೂತಿಲ್ಲ ಅಂತ ಬೇಜಾರಾಗಿ ಪಕ್ಕಕ್ಕಿಟ್ಟರೋ, ಕೇಳಲಿಕ್ಕೆ ಅವರಿಲ್ಲ. ಹಿರಿಯ ಮಗ ಹೇಳುವ ಪ್ರಕಾರ ರಿಜಿಸ್ಟರ್ ಪತ್ರಗಳಿಗೆ ಬೇಕಾಗುತ್ತಿತ್ತು ಅಂತ ಅಪ್ಪ ಸ್ಟ್ಯಾಂಪನ್ನ ಶೀಟುಗಟ್ಟಲೆ ತರಿಸುತ್ತಿದ್ದರು.

ಈ ಮಾತು ನನಗೆ ಮುಖ್ಯ ಅನಿಸಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೇಜಿನ ಮೇಲಿನ ಪರೀಕ್ಷೆ

ಮೊದಲು ಎಲ್ಲರಿಗೂ ಕೈ ಹಿಂದಕ್ಕೆ ಕಟ್ಟಿಕೊಳ್ಳಿ ಅಂದೆ. ತಮಾಷೆಗಲ್ಲ. ಬೆರಳಿನ ಬೆವರು ಹಿಂದಿನ ಗೋಂದಿಗೆ ತಾಗಿದರೆ ಗುರುತು ಉಳಿಯುತ್ತದೆ. ಗೋಂದು ಕೆಡದ, ಎಲ್ಲೂ ಅಂಟಿಸದ ಸ್ಟ್ಯಾಂಪಿಗೆ ಸಂಗ್ರಾಹಕರು ಕೊಡುವ ಬೆಲೆಯೇ ಬೇರೆ. ನಮ್ಮ ಊರಿನ ಬಿಸಿಲು ಒಂದು ಲೆಕ್ಕದಲ್ಲಿ ಒಳ್ಳೇದು ಮಾಡಿತ್ತು. ಒಣ ಅಟ್ಟ, ತೇವ ಇಲ್ಲ, ಎಣ್ಣೆಕಾಗದಕ್ಕೆ ಅಂಟಿಕೊಂಡಿರಲಿಲ್ಲ. ಗೋಂದಿನಲ್ಲಿ ಸಣ್ಣ ಸಣ್ಣ ಬಿರುಕು ಮಾತ್ರ ಇತ್ತು. ಹಿರಿಯ ಸೊಸೆ ಅದನ್ನ ಲ್ಯಾಮಿನೇಷನ್ ಮಾಡಿಸಬೇಕು ಅಂತಿದ್ದರಂತೆ, ಹಾಳಾಗಬಾರದು ಅಂತ. ಪುಣ್ಯಕ್ಕೆ ಆ ಅಂಗಡಿ ಅವತ್ತು ಮುಚ್ಚಿತ್ತು. ಲ್ಯಾಮಿನೇಷನ್ ಆದ ಸ್ಟ್ಯಾಂಪನ್ನ ಬಿಡಿಸಲಿಕ್ಕೆ ಬರುವುದಿಲ್ಲ. ಅಲ್ಲಿಗೆ ಮುಗೀತು.

ತೂತು ಹೇಗೆ ಬೀಳುತ್ತದೆ ಅಂತ ಗೊತ್ತಿದ್ದರೆ ತಪ್ಪು ಅಸಲಿಯೋ ನಕಲಿಯೋ ಅಂತ ಅರ್ಧ ಅಲ್ಲೇ ತಿಳಿಯುತ್ತದೆ. ಸಾಮಾನ್ಯವಾಗಿ ಬಳಸುವ ಯಂತ್ರದ ಸೂಜಿಗಳು ಬಾಚಣಿಗೆಯ ಆಕಾರದಲ್ಲಿ ಇರುತ್ತವೆ. ಉದ್ದಕ್ಕೆ ಒಂದು ಸಾಲು, ಅದರಿಂದ ಕೆಳಕ್ಕೆ ಇಳಿದ ಗಿಡ್ಡ ಸಾಲುಗಳು. ಒಂದು ಏಟು ಬಿದ್ದರೆ ಒಂದು ಅಡ್ಡ ಸಾಲಿನ ಎಲ್ಲ ಸ್ಟ್ಯಾಂಪುಗಳ ತಲೆಯ ಅಂಚು, ಎಡಬಲದ ಅಂಚು ಒಟ್ಟಿಗೇ ಆಗುತ್ತವೆ. ಕಾಗದ ಮುಂದಕ್ಕೆ ಸರಿಯುತ್ತದೆ, ಇನ್ನೊಂದು ಏಟು. ಅಂದರೆ ಒಂದು ಸ್ಟ್ಯಾಂಪಿನ ಕೆಳಗಿನ ಅಂಚು ಆ ಸಾಲಿನ ಏಟಿನದ್ದಲ್ಲ, ಮುಂದಿನ ಏಟಿನದ್ದು.

ಈಗ ನಮ್ಮ ತುಂಡು ನೋಡಿ. ಮೊದಲ ಸಾಲು ಸರಿಯಾಗಿದೆ. ಎರಡನೇ ಸಾಲಿಗೆ ತಲೆ, ಎಡ, ಬಲ ಮೂರೂ ಕಡೆ ತೂತಿದೆ, ಕಾಲಡಿಯಲ್ಲಿ ಇಲ್ಲ. ಮೂರನೇ ಸಾಲಿಗೆ ಯಾವ ಕಡೆಯೂ ಇಲ್ಲ. ನಾಲ್ಕನೆಯದಕ್ಕೂ ಇಲ್ಲ, ಅದರ ಕೆಳಗಿನ ಖಾಲಿ ಅಂಚಿಗೂ ಇಲ್ಲ. ಎರಡನೇ ಏಟು ಬಿದ್ದ ಮೇಲೆ ಯಂತ್ರ ಸುಮ್ಮನಾಗಿದೆ. ಬಾಚಣಿಗೆ ನಿಂತರೆ ಹೇಗೆ ಕಾಣಬೇಕೋ ಹಾಗೇ ಕಾಣುತ್ತಿದೆ. ನಡುವಿನ ಉದ್ದದ ತೂತಿನ ಸಾಲು ಎರಡನೇ ಸ್ಟ್ಯಾಂಪಿನ ಕಾಲ ಹತ್ತಿರ ಬಂದು, ಕೊನೆಯ ಒಂದು ತೂತಾದ ಮೇಲೆ ಪಟ್ಟನೆ ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಆ ಕೊನೆಯ ತೂತು ಪೂರ್ತಿ ದುಂಡಗಿತ್ತು, ಅಂಚು ಸ್ವಚ್ಛ, ಒಳಗೆ ಕಾಗದದ ನಾರು ಇಲ್ಲ. ಸೂಜಿ ಜೋರಾಗಿಯೇ ಬಿದ್ದಿದೆ, ಆಮೇಲೆ ಬಿದ್ದಿಲ್ಲ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು, ಆಸೆ ಇಟ್ಟುಕೊಂಡವರಿಗೆ ಸಂಕಟದ್ದು. ಎಷ್ಟೋ ಸಲ ಸೂಜಿ ಮುಟ್ಟಿರುತ್ತದೆ, ಕಾಗದ ಮಾತ್ರ ಹರಿದಿರುವುದಿಲ್ಲ. ಬರಿಗಣ್ಣಿಗೆ ತೂತಿಲ್ಲ ಅನಿಸುತ್ತದೆ. ಇದನ್ನ ಕುರುಡು ತೂತು ಅನ್ನುತ್ತಾರೆ, ಇದಕ್ಕೆ ಇಂಪರ್ಫ್‌ನ ಬೆಲೆ ಬರುವುದಿಲ್ಲ. ಕೋಣೆ ಕತ್ತಲೆ ಮಾಡಿ, ತುಂಡನ್ನ ಮಗುಚಿ, ಮೊಬೈಲ್ ಟಾರ್ಚನ್ನ ಮೇಜಿನ ಮಟ್ಟಕ್ಕೆ ಹಿಡಿದು ಬದಿಯಿಂದ ಬೆಳಕು ಬಿಟ್ಟೆ. ಹೀಗೆ ಅಡ್ಡ ಬೆಳಕಿನಲ್ಲಿ ಕಾಗದದ ಮೇಲಿನ ಪ್ರತಿ ಉಬ್ಬಿಗೂ ನೆರಳು ಬೀಳುತ್ತದೆ. ಗೋಂದಿನ ಬಿರುಕು ಕಂಡವು, ಒಂದು ಹಳೆ ಮಡಿಕೆ ಕಂಡಿತು. ಸಾಲಾಗಿ ಚುಕ್ಕಿ ಎಲ್ಲೂ ಇರಲಿಲ್ಲ. ಮೂರನೇ ಮತ್ತು ನಾಲ್ಕನೇ ಸಾಲಿನ ನಡುವೆ ಕಾಗದ ಸಪಾಟು.

"ಅಂದ್ರ ಇದು ಖರೇನ ಐತ್ರಿ?" ಅಂತ ಅಕ್ಕ, ಅಂದರೆ ನಡುವಿನ ಮಗಳು, ಕೇಳಿದರು. ಖರೆ ಇದೆ. ಜೊತೆಗೆ ಮೇಲೆ ತೂತು ಇದ್ದು ಕೆಳಗೆ ಇಲ್ಲದಿರುವುದು, ಅಂದರೆ ತಪ್ಪು ಶುರುವಾದ ಜಾಗವೇ ಈ ತುಂಡಿನಲ್ಲಿದೆ. ಬರೀ ಇಂಪರ್ಫ್ ಜೋಡಿಗಿಂತ ಸಂಗ್ರಾಹಕರು ಇದನ್ನ ಜಾಸ್ತಿ ಇಷ್ಟಪಡುತ್ತಾರೆ, ಏನಾಯಿತು ಅಂತ ಪ್ರತ್ಯೇಕ ವಿವರಿಸಬೇಕಾಗಿಲ್ಲ.

ಹಾಗಂತ ಇದು ಕೋಟಿಯ ಮಾಲಲ್ಲ. ಹುಡುಗ ಒಂದು ವಿಡಿಯೊ ತೋರಿಸಿದ. ತಪ್ಪು ಸ್ಟ್ಯಾಂಪಿಗೆ ಎರಡು ಕೋಟಿ, 786 ನಂಬರಿನ ನೋಟಿಗೆ ಮೂರು ಲಕ್ಷ, ಈ ನಂಬರಿಗೆ ಫೋನ್ ಮಾಡಿ. ಇಂಥವರು ಕೊನೆಗೆ ಕೇಳೋದು 'ರಿಜಿಸ್ಟ್ರೇಷನ್ ಫೀ'. ಹಳೆ ನೋಟು, ನಾಣ್ಯದ ಹೆಸರಲ್ಲಿ ಹೀಗೆ ಹಣ ಕೀಳುತ್ತಿದ್ದಾರೆ, ನಮ್ಮ ಹೆಸರನ್ನೂ ಬಳಸುತ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಂಬರನ್ನ ಅಲ್ಲೇ ಅಳಿಸಿಸಿದೆ.

ಕೋಟಿ ಯಾವುದಕ್ಕೆ, ಸಾವಿರ ಯಾವುದಕ್ಕೆ

ತಪ್ಪು ಅಂದ ಮಾತ್ರಕ್ಕೆ ಬೆಲೆ ಬರುತ್ತದೆ ಅನ್ನೋ ನಂಬಿಕೆ ಈ ಮನೆಯಲ್ಲಿ ಎಷ್ಟು ಗಟ್ಟಿಯಾಗಿತ್ತು ಅಂದರೆ, ಫೈಲಿನಲ್ಲಿದ್ದ ಇನ್ನೊಂದು ಸ್ಟ್ಯಾಂಪಿಗೂ ಅವರು ಲೆಕ್ಕ ಹಾಕಿದ್ದರು. ಅದು ಬಳ್ಳಾರಿಯಿಂದ ಬಂದ ಒಂದು ಕವರಿನ ಮೇಲಿತ್ತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ, ರಾಯಚೂರು ಹೈದರಾಬಾದಿನಲ್ಲಿ. ತುಂಗಭದ್ರೆಯ ಆಚೆ ಭಾರತದ ಸ್ಟ್ಯಾಂಪು, ಈಚೆ ನಿಜಾಮರ ಸ್ಟ್ಯಾಂಪು. ಕವರಿನ ಮೇಲಿದ್ದದ್ದು 1949ರ 1 ಆಣೆಯ ಬೋಧಿಸತ್ವ. ಹುಡುಗ ಅದನ್ನೂ ಹುಡುಕಿ ನೋಡಿದ್ದ. ಚಿತ್ರ ಉಲ್ಟಾ ಅಚ್ಚಾಗಿದೆ, ಬಲಗೈ ಚಾಚಬೇಕಾದವನು ಎಡಗೈ ಚಾಚಿದ್ದಾನೆ. ನಿಜವೇ. 1950ರಲ್ಲಿ ಸರಿಮಾಡಿ ಮತ್ತೆ ತಂದರು.

ಆದರೆ ಇದು ವಿನ್ಯಾಸದ ತಪ್ಪು. ಆ ವರ್ಷ ಅಚ್ಚಾದ ಪ್ರತಿಯೊಂದು 1 ಆಣೆಯಲ್ಲೂ ಎಡಗೈಯೇ ಇತ್ತು. ಊರಿಗೆಲ್ಲ ಬಂದ ತಪ್ಪಿಗೆ ಯಾರು ಜಾಸ್ತಿ ಕೊಡುತ್ತಾರೆ? ಇದನ್ನೂ ಮುದ್ರಣದೋಷವನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮುದ್ರಣದೋಷ ಅಂದರೆ ಸರಿಯಾಗಿ ಬರಬೇಕಾದ ರಾಶಿಯಲ್ಲಿ ಕೆಲವು ಮಾತ್ರ ಕೆಟ್ಟು, ತಪಾಸಣೆಯವರ ಕಣ್ಣು ತಪ್ಪಿಸಿ, ಅಂಚೆ ಕಚೇರಿಯ ಕಿಟಕಿಯಿಂದ ಹೊರಗೆ ಬಂದದ್ದು.

ನಮ್ಮ ದೇಶದಲ್ಲಿ ಇಂಥದ್ದರ ದೊಡ್ಡಣ್ಣ 1854ರ 4 ಆಣೆ. ಕಲ್ಕತ್ತೆಯಲ್ಲಿ ಎರಡು ಬಣ್ಣದಲ್ಲಿ, ಎರಡು ಸಲ ಒತ್ತಿ ಮಾಡಿದ್ದು. ಕೆಂಪು ಚೌಕಟ್ಟು, ನೀಲಿ ವಿಕ್ಟೋರಿಯಾ ರಾಣಿ. ಒಂದೆರಡು ಹಾಳೆ ಎರಡನೇ ಸಲ ಒಳಗೆ ಹೋಗುವಾಗ ತಿರುಗಿಹೋಗಿ ರಾಣಿ ತಲೆಕೆಳಗಾದಳು. ಜಗತ್ತಿನಲ್ಲಿ ಉಳಿದಿರುವುದು ಬಹಳ ಕಡಿಮೆ. ಅದು ನಿಜವಾದ ಕೋಟಿಗಳ ವ್ಯವಹಾರ.

ಅಮೆರಿಕದ ಒಂದು ತಪ್ಪು ಬೆಲೆ ಹೇಗೆ ಬೀಳುತ್ತದೆ ಅಂತ ತೋರಿಸುತ್ತದೆ. 1962ರಲ್ಲಿ ವಿಶ್ವಸಂಸ್ಥೆಯ ಡಾಗ್ ಹ್ಯಾಮರ್‌ಷೋಲ್ಡ್ ನೆನಪಿಗೆ 4 ಸೆಂಟಿನ ಸ್ಟ್ಯಾಂಪು ತಂದರು. ಕೆಲವು ಹಾಳೆಗಳಲ್ಲಿ ಹಳದಿ ಬಣ್ಣ ತಲೆಕೆಳಗಾಗಿ ಬಿತ್ತು. ನ್ಯೂಜೆರ್ಸಿಯ ಒಬ್ಬ ಆಭರಣ ವ್ಯಾಪಾರಿಗೆ 50ರ ಹಾಳೆಯೇ ಸಿಕ್ಕಿತು. ಅವನ ಖುಷಿ ಹೆಚ್ಚು ದಿನ ನಿಲ್ಲಲಿಲ್ಲ. ಪೋಸ್ಟ್‌ಮಾಸ್ಟರ್ ಜನರಲ್ ಎಡ್ವರ್ಡ್ ಡೇ ಅದೇ ತಪ್ಪನ್ನ ಬೇಕಂತಲೇ 4 ಕೋಟಿ ಪ್ರತಿ ಮುದ್ರಿಸಿ ಹಂಚಿಬಿಟ್ಟರು. ಇವತ್ತು ಆ ತಪ್ಪಿಗೂ ಸರಿಗೂ ಬೆಲೆಯಲ್ಲಿ ಏನೂ ದೊಡ್ಡ ವ್ಯತ್ಯಾಸ ಇಲ್ಲ.

ಈ ಎರಡರ ನಡುವೆ ಎಲ್ಲೋ ನಮ್ಮ ಹತ್ತಿ ಸ್ಟ್ಯಾಂಪು ನಿಲ್ಲುತ್ತದೆ. ದಿನಬಳಕೆಯ ಸರಣಿ, ವರ್ಷಗಟ್ಟಲೆ ಅಚ್ಚಾಗಿದೆ. ಇಂಥ ಸರಣಿಗಳಲ್ಲಿ ತೂತು ತಪ್ಪಿದ ಜೋಡಿಗಳು ಸಂಗ್ರಾಹಕರಿಗೆ ಹೊಸದಲ್ಲ. ಹಾಳೆಗಳನ್ನ ಒಂದರ ಮೇಲೊಂದು ಇಟ್ಟು ಒಟ್ಟಿಗೇ ತೂತು ಹೊಡೆಯುವ ಕಡೆ ಒಂದು ಏಟು ತಪ್ಪಿದರೆ ಅಷ್ಟೂ ಹಾಳೆ ಕೆಡುತ್ತವೆ, ಅಂದರೆ ಇದರ ಅಣ್ಣತಮ್ಮಂದಿರು ಬೇರೆ ಯಾವುದೋ ಊರಿನ ಫೈಲಿನಲ್ಲೂ ಇರಬಹುದು. ಜೋಡಿಗೆ ಕೆಲವು ಸಾವಿರ, ಬ್ಲಾಕಿಗೆ (ಹೀಗೆ ಹಲವು ಸ್ಟ್ಯಾಂಪು ಅಂಟಿಕೊಂಡೇ ಇರುವ ತುಂಡಿಗೆ) ಅದಕ್ಕಿಂತ ಜಾಸ್ತಿ, ಲಕ್ಷದ ಮಾತು ಬೇಡ ಅಂದೆ. ಮುಖಗಳು ಸ್ವಲ್ಪ ಇಳಿದವು. ಅಕ್ಕ ಮಾತ್ರ "ಪಾಡಾತು ಬಿಡ್ರಿ, ಲಕ್ಷ ಇದ್ದಿದ್ರ ಜಗಳ ಇನ್ನಾ ಜೋರಾಗ್ತಿತ್ತು" ಅಂದರು.

ಶೀಟುಗಟ್ಟಲೆ ತರಿಸುತ್ತಿದ್ದರು ಅನ್ನೋ ಮಾತು ಉಪಯೋಗಕ್ಕೆ ಬಂದದ್ದು ಇಲ್ಲೇ. ಪ್ರೆಸ್‌ನಲ್ಲಿ ಕೆಟ್ಟ ಹಾಳೆಗಳನ್ನ ರದ್ದಿ ಅಂತ ನಾಶ ಮಾಡಬೇಕು. ಅದು ಕದ್ದು ಹೊರಗೆ ಬಂದರೆ ನೋಡಲಿಕ್ಕೆ ಎಷ್ಟೇ ಚೆಂದ ಇದ್ದರೂ ಅದು ಮಾರಾಟಕ್ಕೆ ಬಂದ ಸ್ಟ್ಯಾಂಪಲ್ಲ. ತಿಳಿದವರು ದೂರ ಇಡುತ್ತಾರೆ. ಹಾಗಾಗಿ ಕೊಳ್ಳುವವರು ಎಲ್ಲಿಂದ ಬಂತು ಅಂತ ಕೇಳೇ ಕೇಳುತ್ತಾರೆ. ಈ ಮನೆಯವರಿಗೆ ಹೇಳಲಿಕ್ಕೆ ಉತ್ತರ ಇತ್ತು. ಅದಕ್ಕಿಂತ ಒಳ್ಳೆಯ ಸಾಕ್ಷಿ ಕಿರ್ದಿಯಲ್ಲೇ ಸಿಕ್ಕಿತು. ಅಂಚೆ ಖರ್ಚಿನ ಬಾಬತ್ತಿನಲ್ಲಿ 'ಪೋಸ್ಟ್ ಟಿಕೇಟ್ 1 ರೂ. ಶೀಟು' ಅಂತ ಹಿರಿಯರ ಕೈಬರಹದ ಜಮಾಖರ್ಚು ಹಲವು ಕಡೆ ಇತ್ತು. ಇದೇ ತುಂಡು ಯಾವ ದಿನದ್ದು ಅಂತ ಅದು ಹೇಳುವುದಿಲ್ಲ. ಆದರೂ ಆ ಪುಟಗಳ ಫೋಟೊ ತೆಗೆಸಿ ಜೊತೆಗೆ ಇಡಿಸಿದೆ.

ಪಾಲಿನ ಮಾತು

ಹಿರಿಯವರ ಮೊದಲ ಲೆಕ್ಕ ಸರಳ. "ಹನ್ನೆರಡು ಅದಾವ, ಮೂರು ಮಂದಿ ಅದೀವಿ. ನಾಲ್ಕ್ ನಾಲ್ಕ್ ಹಂಚಿಕೊಂಡ್ರ ಮುಗೀತಲ್ರಿ." ಹೊಲ ಹಂಚಿದವರಿಗೆ ಇದು ಸಹಜವಾದ ಲೆಕ್ಕ. ಹೊಲದಲ್ಲಾದರೂ ನೀರಿನ ಕಡೆಯ ಪಾಲು, ರಸ್ತೆ ಕಡೆಯ ಪಾಲು ಅಂತ ಇರುತ್ತದೆ ಅಲ್ವಾ? ಇಲ್ಲೂ ಹಾಗೇ. ಅಡ್ಡಕ್ಕೆ ಹಂಚಿದರೆ ಮೇಲಿನ ಸಾಲು ಸಿಕ್ಕವರ ನಾಲ್ಕರಲ್ಲಿ ಮೂರು ಮಾಮೂಲಿ ಸ್ಟ್ಯಾಂಪು ಆಗುತ್ತವೆ, ಲಕೋಟೆಗೆ ಹಚ್ಚಬಹುದು ಅಷ್ಟೆ. ಒಂದೊಂದಾಗಿ ಬಿಡಿಸಿದರೆ ಎಲ್ಲರಿಗೂ ಸಮಪಾಲು, ಎಲ್ಲರಿಗೂ ಏನೂ ಇಲ್ಲ.

ಉದ್ದಕ್ಕೆ ಕತ್ತರಿಸಿದರೆ ಸರಿ ಹೋಗುತ್ತಿತ್ತು. ಮೂರು ಕಂಬ, ಒಬ್ಬೊಬ್ಬರಿಗೆ ಒಂದು. ಪ್ರತಿ ಕಂಬದಲ್ಲೂ ಮೇಲೆರಡು ತೂತಿನವು, ಕೆಳಗೆರಡು ತೂತಿಲ್ಲದವು, ನಡುವಿನ ಬಿಳಿ ಪಟ್ಟಿ ಹಾಗೇ ಉಳಿಯುತ್ತದೆ. ತಪ್ಪು ಶುರುವಾದ ಜಾಗವೂ ಮೂವರಿಗೂ ಸಿಗುತ್ತದೆ. ಮೂರು ಕಂಬ ಸೇರಿದರೂ ಇಡೀ ಬ್ಲಾಕಿನಷ್ಟು ಬೆಲೆ ಬರುವುದಿಲ್ಲ ನಿಜ, ಆದರೆ ಯಾರ ಪಾಲೂ ಸೊನ್ನೆ ಆಗುತ್ತಿರಲಿಲ್ಲ.

ಈಗ ಮೂರನೇ ಕಂಬದ ಕೆಳಗಿನ ಸ್ಟ್ಯಾಂಪು ಚೀಲದಲ್ಲಿದೆ. ಆ ಕಂಬದಲ್ಲಿ ಉಳಿದದ್ದು ಮೂರು. ಎರಡನೆಯದರ ಮತ್ತು ಮೂರನೆಯದರ ನಡುವೆ ತೂತಿಲ್ಲ, ಹಾಗಾಗಿ ಪೂರ್ತಿ ಹಾಳಾಗಿಲ್ಲ. ಆದರೆ ನಾಲ್ಕೂ ಕಡೆ ತೂತಿಲ್ಲದ ಜೋಡಿ ಅದರಲ್ಲಿ ಇಲ್ಲ. ಹಿರಿಯವರು "ಕತ್ತರಿಸಿದವ್ರ ಪಾಲಿಗೇ ಅದು ಹೋಗ್ಲಿ" ಅಂದರು. ಕಿರಿಯವರು ಸುಮ್ಮನಾದರು. ಹುಡುಗ ನೆಲ ನೋಡುತ್ತ ಕೂತ. ಅಕ್ಕನಿಗೆ ಇದು ಹಿಡಿಸಲಿಲ್ಲ. "ಅಪ್ಪ ಇದ್ದಿದ್ರ ಹುಡುಗ್ರ ತಪ್ಪಿಗೆ ಪಾಲು ಕಡಿಮಿ ಮಾಡ್ತಿದ್ನೇನೋ ಅಣ್ಣಾ?" ಅಂತ ನೇರವಾಗಿ ಕೇಳಿದರು.

ಕುಟುಂಬದ ಮಾತಿಗೆ ನಾನು ಹೋಗಲಿಲ್ಲ. ಸ್ಟ್ಯಾಂಪಿನ ಮಾತು ಮಾತ್ರ ಹೇಳಿದೆ: ಕತ್ತರಿ ಇನ್ನು ಮುಟ್ಟಬೇಡಿ. ಇಡಿಯಾಗಿ ಒಬ್ಬರಿಗೇ ಮಾರಿ, ಹಣ ಹಂಚಿಕೊಳ್ಳಿ. ಹನ್ನೊಂದರ ಮೂಲೆಮುರಿದ ಬ್ಲಾಕಿಗಿಂತ ಎಡಗಡೆಯ ಎಂಟರ ಚೌಕ ನೋಡಲಿಕ್ಕೆ ಅಂದ, ಅದನ್ನ ಬೇರೆ ಮಾಡಿ ಅಂತ ಕೆಲವರು ಹೇಳಬಹುದು. ಬೇಕಾದರೆ ಕೊಂಡವರು ಮಾಡಿಕೊಳ್ಳಲಿ. ಕೊಳ್ಳುವವರ ರುಚಿ ಗೊತ್ತಾಗುವ ಮುಂಚೆ ನಾವು ಯಾಕೆ ಮಾಡಬೇಕು?

ಹುಡುಗನ ಮುಖ ನೋಡಲಾರದೆ ಇನ್ನೊಂದು ವಿಷಯ ಹೇಳಿದೆ. ಒಡೆದ ಹಾಳೆಯ ಕಥೆ ಅಂದರೆ ಜಗತ್ತಿನಲ್ಲಿ ಅತಿ ಹೆಸರಾದದ್ದು 1918ರ ಅಮೆರಿಕದ ತಲೆಕೆಳಗಾದ ವಿಮಾನ. 24 ಸೆಂಟಿನ 100 ಸ್ಟ್ಯಾಂಪಿನ ಹಾಳೆ. ವಾಷಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ ವಿಲಿಯಂ ರೋಬಿ ಅನ್ನೋ ಸಂಗ್ರಾಹಕ 24 ಡಾಲರ್ ಕೊಟ್ಟು ತಂದ. ಕೆಲವೇ ದಿನದಲ್ಲಿ ಯೂಜೀನ್ ಕ್ಲೈನ್ ಎಂಬ ವ್ಯಾಪಾರಿಗೆ 15,000ಕ್ಕೆ ಕೊಟ್ಟ. ಕ್ಲೈನ್ ಅದನ್ನ 20,000ಕ್ಕೆ ಎಡ್ವರ್ಡ್ ಗ್ರೀನ್ ಎಂಬ ಸಾಹುಕಾರನಿಗೆ ಮಾರಿದ. ಗ್ರೀನ್ ಹಾಳೆ ಒಡೆಸಿದ. ಆದರೆ ಒಡೆಯುವ ಮುಂಚೆ ಪ್ರತಿ ಸ್ಟ್ಯಾಂಪಿನ ಬೆನ್ನಿಗೆ ಪೆನ್ಸಿಲಿನಲ್ಲಿ ನಂಬರು ಬಿತ್ತು, 1ರಿಂದ 100. ಇವತ್ತಿಗೂ ಅವುಗಳನ್ನ ಕರೆಯೋದು ಆ ನಂಬರಿನಿಂದಲೇ. 1955ರಲ್ಲಿ ಅದರ ನಾಲ್ಕರ ಒಂದು ಬ್ಲಾಕು ಪ್ರದರ್ಶನದಿಂದ ಕಳುವಾಯಿತು, ಕಳ್ಳರು ಅದನ್ನ ಬಿಡಿಸಿದರು. ಆ ನಾಲ್ಕರಲ್ಲಿ ಒಂದು 2016ರಲ್ಲಿ ಮತ್ತೆ ಕಾಣಿಸಿಕೊಂಡಾಗ ಹಾಳೆಯ ಯಾವ ಜಾಗದ್ದು ಅಂತ ಪತ್ತೆಯಾಯಿತು. 2023ರಲ್ಲಿ 49ನೇ ನಂಬರಿನದು 20 ಲಕ್ಷ ಡಾಲರಿಗೆ ಹೋಯಿತು. ಎಲ್ಲಿತ್ತು ಅಂತ ಗೊತ್ತಿದ್ದರೆ ಬಿಡಿ ಸ್ಟ್ಯಾಂಪಿಗೂ ನೆಲೆ ಇರುತ್ತದೆ.

ಹಾಗಂತ ನಮ್ಮ ತುಂಡಿನ ಬೆನ್ನಿಗೆ ಪೆನ್ಸಿಲು ಹಚ್ಚಲಿಲ್ಲ. ಈಗ ಅದರ ಅಗತ್ಯವೂ ಇಲ್ಲ. ಕತ್ತರಿಸಿದ ಸ್ಟ್ಯಾಂಪನ್ನ ಅದರ ಜಾಗದ ಪಕ್ಕದಲ್ಲೇ ಇಟ್ಟು, ಮುಂದೆ ಹಿಂದೆ ಎರಡೂ ಕಡೆ ಸ್ಕ್ಯಾನ್ ಮಾಡಿಸಿದೆವು. ಕತ್ತರಿ ಒಂದು ಕಡೆ ಸ್ವಲ್ಪ ಸೊಟ್ಟ ಹೋಗಿತ್ತು. ಬ್ಲಾಕಿನ ಅಂಚಿನ ಸೊಟ್ಟ, ಬಿಡಿ ಸ್ಟ್ಯಾಂಪಿನ ಸೊಟ್ಟ ಎರಡೂ ಒಂದಕ್ಕೊಂದು ಕೂಡಿದವು. ಬಿಳಿ ಪಟ್ಟಿಯ ಬಹುಪಾಲು ಬ್ಲಾಕಿನ ಕಡೆಗೇ ಉಳಿದಿತ್ತು. ಅಂದರೆ ಒಂಟಿಯಾಗಿ ಬೆಲೆ ಇಲ್ಲ ಅಂತ ವಾಪಸ್ ಬಂದ ಸ್ಟ್ಯಾಂಪು, ಬ್ಲಾಕಿನ ಜೊತೆ ಹೋದರೆ ಹನ್ನೆರಡನೆಯದು ಅಂತ ತೋರಿಸಬಹುದು. ಅಂಟಿಸಲಿಕ್ಕೆ ಮಾತ್ರ ಬಿಡಲಿಲ್ಲ. ಹುಡುಗ ಗಮ್ ಟೇಪು ತೆಗೆದೇ ಬಿಟ್ಟಿದ್ದ!

ಮಾರಾಟ

ಪ್ರಮಾಣಪತ್ರ ಮಾಡಿಸಬೇಕಾ ಅಂತ ಕೇಳಿದರು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿ 1894ರಿಂದ ಈ ಕೆಲಸ ಮಾಡುತ್ತಿದೆ. ಅವರು ಅಸಲಿ ಅಂದರೆ ಜಗತ್ತು ಒಪ್ಪುತ್ತದೆ. ಆದರೆ ಶುಲ್ಕ, ವಿಮೆ, ಕಳಿಸುವ ಖರ್ಚು ಎಲ್ಲ ಸೇರಿದರೆ ಈ ಮಟ್ಟದ ಮಾಲಿಗೆ ಅಸಲಿಗಿಂತ ಬಡ್ಡಿ ಜಾಸ್ತಿ ಆಗುತ್ತದೆ. ಬಣ್ಣ ಕಾಣೆಯಾದ ದೋಷವಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಬಿಸಿಲಿಗೆ ಇಟ್ಟು, ರಾಸಾಯನಿಕ ಹಚ್ಚಿ ಬಣ್ಣ ಹಾರಿಸುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ತಜ್ಞರ ಮಾತಿಲ್ಲದೆ ಕೈ ಹಾಕಬಾರದು. ತೂತು ತಪ್ಪಿದ ಬ್ಲಾಕು ತನ್ನ ಸಾಕ್ಷಿ ತಾನೇ ಹೇಳುತ್ತದೆ.

ಕ್ಯಾಟಲಾಗ್ ಬೆಲೆ ನೋಡಿಯೇ ಮಾರೋಣ ಅಂದರು ಕಿರಿಯವರು. ಸ್ಟ್ಯಾನ್ಲಿ ಗಿಬ್ಬನ್ಸ್ ಅನ್ನೋ ಲಂಡನ್ನಿನ ಸ್ಟ್ಯಾಂಪು ಅಂಗಡಿಯ ಕ್ಯಾಟಲಾಗಿನಲ್ಲಿ ಇರೋದು ಆ ಅಂಗಡಿ ತಾನು ಮಾರುವ ಬೆಲೆ, ಕೊಳ್ಳುವ ಬೆಲೆ ಅಲ್ಲ. ಗಂಜ್‌ನಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಲಿಲ್ಲ. ರೈತನಿಗೆ ಸಿಗೋ ದರ, ಬಟ್ಟೆ ಅಂಗಡಿಯ ದರ ಎರಡೂ ಹತ್ತಿಯದ್ದೇ ಆದರೂ ಒಂದೇ ಅಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಸ್ಕ್ಯಾನ್‌ಗಳನ್ನ ಮೂರು ಕಡೆ ಕಳಿಸಿದರು. ಮೊದಲು ಬೆಲೆ ಇಲ್ಲ ಅಂದಿದ್ದ ವ್ಯಾಪಾರಿ, ಬ್ಲಾಕು ನೋಡಿದ ಮೇಲೆ 4,000 ಅಂದ. ತನ್ನ ಮೊದಲ ಮಾತನ್ನ ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಬೇಕಾಗಿಯೂ ಇರಲಿಲ್ಲ. ಇನ್ನೊಬ್ಬ ವ್ಯಾಪಾರಿ 11,000. ಮೂರನೆಯವರು ವ್ಯಾಪಾರಿಯೇ ಅಲ್ಲ. ಹೈದರಾಬಾದಿನ ಒಬ್ಬ ಸಂಗ್ರಾಹಕರು, ಈ ಕೃಷಿ ಸರಣಿಯನ್ನೇ ಹಿಡಿದು ಪ್ರದರ್ಶನಕ್ಕೆ ಫ್ರೇಮು ಕಟ್ಟುವವರು. ವ್ಯಾಪಾರಿ ಮತ್ತೆ ಮಾರಬೇಕು, ಹಾಗಾಗಿ ತನ್ನ ಲಾಭ ಬಿಟ್ಟು ಹೇಳುತ್ತಾನೆ. ಸಂಗ್ರಾಹಕನಿಗೆ ತನ್ನ ಫ್ರೇಮಿನಲ್ಲಿ ಖಾಲಿ ಇರುವ ಜಾಗ ಕಣ್ಣಿಗೆ ಕುಕ್ಕುತ್ತಿರುತ್ತದೆ. ಅವರು 15,000 ಅಂದರು. ಆಮೇಲೆ ಬಿಡಿ ಸ್ಟ್ಯಾಂಪು ಮತ್ತು ಕಿರ್ದಿ ಪುಟದ ಅಸಲು ಪ್ರತಿ ಎರಡೂ ಕೊಟ್ಟರೆ 18,000 ಅಂದರು.

ಕಿರ್ದಿ ಪುಟ ಹರಿಯಲಿಕ್ಕೆ ಹಿರಿಯವರು ಸುತಾರಾಂ ಒಪ್ಪಲಿಲ್ಲ. ಅಪ್ಪನ ಅಕ್ಷರ ಅದು. ಒಂದು ವಾರ ಮಾತು ನಿಂತೇ ಹೋಯಿತು. ಕೊನೆಗೆ ಪುಟದ ಬಣ್ಣದ ಪ್ರತಿ, ಅದರ ಮೇಲೆ ಮೂವರ ಸಹಿ, ಜೊತೆಗೆ ತುಂಡು ಎಲ್ಲಿ ಹೇಗೆ ಸಿಕ್ಕಿತು ಅಂತ ಒಂದು ಪುಟದ ಬರಹ, ಇಷ್ಟಕ್ಕೆ ಆ ಸಂಗ್ರಾಹಕರು ಒಪ್ಪಿದರು. ಬೆಲೆ 18,000ಕ್ಕೇ ನಿಂತಿತು. ಇದು ಆ ತುಂಡಿಗೆ, ಆ ಕೊಳ್ಳುವವರಿಗೆ ಕೂಡಿಬಂದ ಬೆಲೆ. ನಿಮ್ಮ ಮನೆಯಲ್ಲಿ ಇಂಥದ್ದೇ ಇದ್ದರೆ ಇದೇ ಅಂಕಿ ಹಿಡಿದು ಕೂರಬೇಡಿ.

ಅಂಚೆಯಲ್ಲಿ ಕಳಿಸಲಿಲ್ಲ. ಅವರೇ ರೈಲಿನಲ್ಲಿ ಬಂದರು. ನನ್ನ ಮೇಜಿನ ಮೇಲೆ ಅದೇ ಟಾರ್ಚಿನ ಪರೀಕ್ಷೆಯನ್ನ ಅವರೂ ಮಾಡಿದರು, ಬಿಡಿ ಸ್ಟ್ಯಾಂಪನ್ನ ಜಾಗಕ್ಕೆ ಕೂಡಿಸಿ ನೋಡಿದರು. ಹುಡುಗನನ್ನ ಕರೆದು ಕತ್ತರಿ ಯಾವ ಕಡೆಯಿಂದ ಹಾಕಿದೆಯಪ್ಪಾ ಅಂತ ಕೇಳಿ ಬರೆದುಕೊಂಡರು. ಹಣ ಫೋನಿನಲ್ಲೇ ಬಂತು, ಮೂವರ ಖಾತೆಗೆ ಆರಾರು ಸಾವಿರ. ಹಿರಿಯವರು ಆ ಹೊತ್ತಿಗೆ ಕಂಬದ ಮಾತು ಎತ್ತಲಿಲ್ಲ. ನಿಜಾಮರ ಸ್ಟ್ಯಾಂಪುಗಳನ್ನ ಆ ಸಂಗ್ರಾಹಕರು ಬೇಡ ಅಂದರು. ಚಾರ್‌ಮಿನಾರಿನ 1 ಆಣೆಯವೇ ಹೆಚ್ಚು, ಬಳಸಿದವು, ಎಲ್ಲೆಲ್ಲೂ ಸಿಗುವಂಥವು. ಅವನ್ನೂ ಬಳ್ಳಾರಿಯ ಕವರನ್ನೂ ಅಕ್ಕ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಅದಕ್ಕೆ ಯಾರೂ ಪಾಲು ಕೇಳಲಿಲ್ಲ.